ನಿಂತು ನೋಡಿದರೆ ದಶಮಿ

ನಿವೃತ್ತಿ ಎಂದರೆ ತಲೆ ನೆರೆತು, ಹಾರ ಹಾಕಿಸಿಕೊಂಡು, ಕೈಯಲ್ಲೊಂದು ಗಡಿಯಾರ ಹಿಡಿದು ಮನೆಗೆ ಬರುವುದು ಎಂದು ಜನ ತಿಳಿದಿದ್ದಾರೆ. ನನಗೆ ಅದು ಮೂವತ್ತಾರಕ್ಕೇ ಆಯಿತು. ತಲೆ ನೆರೆತಿರಲಿಲ್ಲ, ಹಾರ ಬರಲಿಲ್ಲ, ಗಡಿಯಾರ ಮಾತ್ರ ಸಿಕ್ಕಿತು. ಅದೂ ಇಪ್ಪತ್ತಮೂರು ನಿಮಿಷ ಹಿಂದೆ ನಡೆಯುವ ಗಡಿಯಾರ. ಕೆಟ್ಟದ್ದಲ್ಲ, ಬೇಕೆಂದೇ ಹಾಗೆ ಇಟ್ಟದ್ದು.

ಈಚೆಗೆ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಬಿ.ಎಸ್ಸಿ. ಮುಗಿಸಿ, ಬೇರೆ ಊರಿನ ಒಂದು ಪಂಚಾಂಗದ ಕಚೇರಿಗೆ ಗಣಿತ ಮಾಡಲು ಸೇರುತ್ತಾರಂತೆ. ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಬೆನ್ನು ನೋಯುತ್ತದೆ, ಕಣ್ಣು ಉರಿಯುತ್ತದೆ, ಗ್ರಹಗಳ ಮೇಲಿನ ಗೌರವ ಎರಡನೇ ತಿಂಗಳಿಗೆ ಹೋಗಿ ಮೂರನೇ ವರ್ಷಕ್ಕೆ ವಾಪಸ್ಸು ಬರುತ್ತದೆ ಎಂದೆ. ನಕ್ಕರು. ನಾನು ನಿಜ ಹೇಳಿದಾಗಲೆಲ್ಲ ಜನ ನಗುತ್ತಾರೆ. ಅದು ನಾನೇ ಮಾಡಿಕೊಂಡ ಪಾಡು. ಹುಟ್ಟಿದಾಗಿನಿಂದ ಎದುರಿಗೆ ಸಿಕ್ಕವರ ದನಿ ಕದ್ದು ಅವರಿಗೇ ವಾಪಸ್ಸು ಕೊಡುವುದು ನನ್ನ ಚಾಳಿ. ಹಾಗಾಗಿ ಬಾಯಲ್ಲಿ ಹೇಳಿದರೆ ನಂಬಿಕೆ ಹುಟ್ಟದು ಎಂದು ಬರೆದು ಕೊಡುತ್ತಿದ್ದೇನೆ. ಕಾಗದದ ಮೇಲೆ ಇನ್ನೊಬ್ಬರ ದನಿ ತೆಗೆಯುವುದು ನನಗೂ ಕಷ್ಟ.

ನಾನು ಮಂಡಕಳ್ಳಿಯ ಬೋರೇಗೌಡ. ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿತ್ತು. ಇಂಟರ್‌ಮೀಡಿಯೆಟ್ಟಿನಲ್ಲಿ ಲೆಕ್ಕ ಒಂದರಲ್ಲಿ ಚೆನ್ನಾಗಿ ಪಾಸಾಗಿ, ಮಿಕ್ಕಿದ್ದರಲ್ಲಿ ಮೇಷ್ಟರ ದಯೆಯಿಂದ ಪಾಸಾಗಿದ್ದೆ. ಮೈಸೂರಿನ ಒಂದು ಅಚ್ಚುಕೂಟದವರು ಪ್ರತಿವರ್ಷ ಪಂಚಾಂಗ ತರುತ್ತಿದ್ದರು. ಅದರ ಗಣಿತದ ಕೋಣೆಗೆ ಒಬ್ಬ ಹುಡುಗ ಬೇಕಿತ್ತು. ಹೋದೆ. ಒಕ್ಕಲಿಗರ ಹುಡುಗ ಪಂಚಾಂಗದ ಲೆಕ್ಕ ಮಾಡುವುದೇ ಎಂದು ಒಬ್ಬಿಬ್ಬರು ಹುಬ್ಬೇರಿಸಿದರು. ನಮ್ಮಪ್ಪನಿಗೆ ಬೇರೆಯೇ ಚಿಂತೆ. "ಮಳೆ ಯಾವತ್ತು ಬತ್ತದೆ ಅಂತ ಏಳಕ್ಕಾಯ್ತದೇನ್ಲಾ?" ಎಂದು ಕೇಳಿದರು. ಆಗುವುದಿಲ್ಲ ಎಂದೆ. "ಮತ್ಯಾಕ್ಲಾ ಆ ಕೆಲ್ಸ?" ಎಂದು ಎತ್ತಿನ ಕಡೆ ಹೋದರು. ಹದಿನಾರು ವರ್ಷ ದುಡಿದರೂ ಆ ಪ್ರಶ್ನೆಗೆ ನನಗೆ ಉತ್ತರ ಸಿಗಲಿಲ್ಲ.

ಕೋಣೆಯಲ್ಲಿ ನಾವು ಮೂವರು. ಹಿರಿಯರು ನಾರಾಯಣ ಜೋಯಿಸರು. ಐವತ್ತು ದಾಟಿದ ಮನುಷ್ಯ, ಲಕ್ಷ್ಮೀಪುರದಲ್ಲಿ ಬಾಡಿಗೆ ಮನೆ. ಜಾತಕ ನೋಡಿದ್ದರೆ ಅದೇ ಬೀದಿಯಲ್ಲಿ ಎರಡು ಸ್ವಂತ ಮನೆ ಕಟ್ಟಬಹುದಿತ್ತು. ನೋಡುತ್ತಿರಲಿಲ್ಲ. ಗ್ರಹ ಎಲ್ಲಿದೆ ಎಂದು ಹೇಳುವುದು ನನ್ನ ಕೆಲಸ, ಅದು ಏನು ಮಾಡುತ್ತದೆ ಎಂದು ಕೇಳಬೇಕಾದರೆ ಅದನ್ನೇ ಕೇಳಿ ಎನ್ನುತ್ತಿದ್ದರು. ಮಾತಿಗೆ ಮುಂಚೆ ಗಂಟಲು ಎರಡು ಸಲ ಸರಿಮಾಡಿಕೊಳ್ಳುವುದು, 'ಸ'ಕಾರ ಬಂದಲ್ಲೆಲ್ಲ ಸಣ್ಣ ಸಿಳ್ಳೆ. ನಾನು ಆ ದನಿಯನ್ನು ಮೊದಲನೇ ವಾರದಲ್ಲೇ ಹೊಡೆದಿದ್ದೆ. ಎರಡನೆಯವರು ಶ್ರೀಕಂಠಯ್ಯನವರು. ಅವರನ್ನು ಅನುಕರಿಸಲು ಏನೂ ಇರಲಿಲ್ಲ, ಏಕೆಂದರೆ ಅವರು ದಿನವಿಡೀ ಹೇಳುತ್ತಿದ್ದದ್ದು "ಸರಿ" ಎಂಬ ಒಂದೇ ಮಾತು. ಅದು ಅವರ ತಪ್ಪಲ್ಲ, ಕೆಲಸದ ರೀತಿ. ಇಬ್ಬರು ಬೇರೆ ಬೇರೆ ಲೆಕ್ಕ ಮಾಡಬೇಕು, ಆಮೇಲೆ ಒಬ್ಬ ಅಂಕಿ ಕೂಗಬೇಕು, ಇನ್ನೊಬ್ಬ ತನ್ನ ಹಾಳೆ ನೋಡಿ ಸರಿ ಅನ್ನಬೇಕು. ನಾನು ಕೂಗುವವನು. ಚಂದ್ರನ ಸಾಲನ್ನು ರೇಡಿಯೋದವರ ದನಿಯಲ್ಲಿ, ಶನಿಯ ಸಾಲನ್ನು ನಮ್ಮೂರ ಪಟೇಲರ ದನಿಯಲ್ಲಿ ಕೂಗುತ್ತಿದ್ದೆ. ಜೋಯಿಸರು ಬೈಯುತ್ತಿದ್ದರು. ನಗು ಬಂದರೆ ಗೋಡೆಯ ಕಡೆ ತಿರುಗಿ ಬೈಯುತ್ತಿದ್ದರು.

ಆ ಗೋಡೆಯ ಮೇಲೆ ಎರಡು ಗಡಿಯಾರ. ಹೊಸಬರು ಮೊದಲು ಕಲಿಯಬೇಕಾದ ಪಾಠ ಅದೇ. ಒಂದು ರೇಡಿಯೋ ಟೈಮು, ದೇಶಕ್ಕೆಲ್ಲ ಒಂದೇ. ಇನ್ನೊಂದು ಮೈಸೂರಿನದೇ ಟೈಮು, ನಮ್ಮ ನೆತ್ತಿಯ ಮೇಲಿನ ಸೂರ್ಯನಿಗೆ ಹೊಂದಿಸಿದ್ದು, ಇಪ್ಪತ್ತಮೂರು ನಿಮಿಷ ಮತ್ತು ಸ್ವಲ್ಪ ಹಿಂದೆ. ವಿಲಾಯತಿಯಿಂದ ಬರುವ ದಪ್ಪ ನೀಲಿ ಪುಸ್ತಕದಲ್ಲಿ ಗ್ರಹಗಳ ಸ್ಥಾನ ಅವರ ಹೊತ್ತಿಗೆ ಕೊಟ್ಟಿರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿದರೆ ರೇಡಿಯೋ ಟೈಮು. ಅದರಿಂದ ಇಪ್ಪತ್ತಮೂರು ಕಳೆದರೆ ಮೈಸೂರಿನ ಟೈಮು. ಕೂಡು, ಕಳೆ, ಅಷ್ಟೇ ವಿದ್ಯೆ. ನಾನು ಬೆಳಿಗ್ಗೆ ಹಿಂದೆ ನಡೆಯುವ ಗಡಿಯಾರದ ಲೆಕ್ಕಕ್ಕೆ ಬರುತ್ತಿದ್ದೆ, ಸಂಜೆ ಮುಂದಿರುವ ಗಡಿಯಾರದ ಲೆಕ್ಕಕ್ಕೆ ಹೋಗುತ್ತಿದ್ದೆ. ಇದನ್ನು ಜೋಯಿಸರು ಕಂಡುಹಿಡಿಯಲು ಒಂದು ವರ್ಷ ಬೇಕಾಯಿತು.

ಆ ಕೂಡು-ಕಳೆಯಲ್ಲೇ ನಮಗೆ ಮೊದಲ ಪೆಟ್ಟು ಬಿತ್ತು. ಒಂದು ಚಂದ್ರಗ್ರಹಣದ ಹೊತ್ತನ್ನು ಮೈಸೂರಿಗೆ ತರುವಾಗ ಕಳೆಯುವ ಬದಲು ಕೂಡಿದ್ದೆವು. ಯಾರು ಕೂಡಿದ್ದು ಎಂದು ಕೇಳಬೇಡಿ. ಮೂವರ ಹಾಳೆಯಲ್ಲೂ ಕೂಡಿತ್ತು, ನಾನು ಕೂಗಿದೆ, ಶ್ರೀಕಂಠಯ್ಯನವರು ಸರಿ ಎಂದರು, ಜೋಯಿಸರು ಸಹಿ ಹಾಕಿದರು. ಗ್ರಹಣ ಹಿಡಿಯುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ ಎಂದು ನಮ್ಮ ಪಂಚಾಂಗ ನಂಬಿದವರೆಲ್ಲ ಊಟಕ್ಕೆ ಕೂತಿದ್ದರು. ಅಂಗಳಕ್ಕೆ ಬಂದ ಮಕ್ಕಳು ಚಂದ್ರನನ್ನು ಯಾರೋ ಕಚ್ಚಿದ್ದಾರೆ ಎಂದು ಕೂಗಿದವು. ಬಾಯಲ್ಲಿ ತುತ್ತು ಇದ್ದವರ ಪೈಕಿ ನಮ್ಮ ಧಣಿ ಮಲ್ಲಪ್ಪನವರ ಮಾವನೂ ಒಬ್ಬರು.

ಮಲ್ಲಪ್ಪನವರು ಮಾರನೆಯ ದಿನ ಕೋಣೆಗೆ ಬಂದರು. ಅಚ್ಚುಕೂಟದ ಯಜಮಾನರು, ಸಿಟ್ಟು ಬಂದಷ್ಟೂ ದನಿ ತಗ್ಗುತ್ತಿತ್ತು. ಅವತ್ತು ಕಿವಿ ಹತ್ತಿರ ತಂದು ಕೇಳಬೇಕಾಯಿತು. "ಜೋಯಿಸ್ರೇ, ಇನ್ನೊಂದು ಸಲ ಊರ ಮುಂದೆ ನನ್ನ ತಲೆ ತಗ್ಗಿಸಿದ್ರೆ ಈ ರೂಮಿಗೆ ಬೀಗ. ಲೆಕ್ಕಾನ ಹೊರಗಡೆಯಿಂದ ತರಿಸ್ಕೋತೀನಿ." ಅದು ಬರಿಯ ಮಾತಲ್ಲ. ಬೇರೊಂದು ಊರಿನವರು ಸಿದ್ಧ ಲೆಕ್ಕವನ್ನು ಮಾರುತ್ತಿದ್ದರು, ಅವರ ಪ್ರತಿನಿಧಿ ಆ ತಿಂಗಳೇ ಒಂದು ಸಲ ಬಂದು ಕಾಫಿ ಕುಡಿದು ಹೋಗಿದ್ದ.

ಬೀಗ ಬಿದ್ದರೆ ನಾನು ಮಂಡಕಳ್ಳಿಗೆ ಹೋಗಿ ಅಪ್ಪನ ಎತ್ತಿನ ದನಿ ಕಲಿಯಬಹುದಿತ್ತು. ಜೋಯಿಸರು ಏನು ಮಾಡಬೇಕು? ಅವರಿಗೆ ಬರುತ್ತಿದ್ದದ್ದು ಇದೊಂದೇ, ಇದನ್ನು ಕೊಳ್ಳುವವರು ಊರಿನಲ್ಲಿ ಮಲ್ಲಪ್ಪನವರೊಬ್ಬರೇ. ಅವತ್ತಿನಿಂದ ಜೋಯಿಸರು ಪ್ರತಿ ಹಾಳೆಯ ಮೇಲ್ತುದಿಯಲ್ಲಿ ಒಂದು ಕಳೆಯುವ ಗುರುತು ಬರೆದಿಟ್ಟು ಲೆಕ್ಕ ಶುರುಮಾಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು "ಸಂಸಾರದಲ್ಲೂ ಸದಾ ಕಳೀಬೇಕು ಕಣೋ" ಎಂದು ಅವರ ದನಿಯಲ್ಲೇ ಸಿಳ್ಳೆ ಹಾಕಿದರೆ ಗೋಡೆಯ ಕಡೆ ತಿರುಗುತ್ತಿರಲಿಲ್ಲ.

ನಡುವೆ ಲೆಕ್ಕದ ಯಂತ್ರ ಬಂತು. ಕೈಯಿಂದ ತಿರುಗಿಸುವುದು, ತಪ್ಪು ದಿಕ್ಕಿಗೆ ಹೋದರೆ ಗಂಟೆ ಹೊಡೆಯುವುದು. ಜೋಯಿಸರಿಗೆ ಅದು ಕಾಫಿ ಬೀಜ ಪುಡಿಮಾಡುವ ಯಂತ್ರದಂತೆ ಕಾಣುತ್ತಿತ್ತು. ಮೊದಲ ವಾರ ಯಂತ್ರದ ಉತ್ತರವನ್ನು ಕೈಯಲ್ಲಿ ಮಾಡಿ ಪರೀಕ್ಷಿಸುತ್ತಿದ್ದರು, ಒಂದು ತಿಂಗಳಾದ ಮೇಲೆ ಕೈಲೆಕ್ಕವನ್ನು ಯಂತ್ರದಲ್ಲಿ ಪರೀಕ್ಷಿಸುತ್ತಿದ್ದರು. ಆದರೂ ಅವರ ಪೂರ್ತಿ ನಂಬಿಕೆ ಇದ್ದದ್ದು ಒಂದೇ ಉಪಾಯದ ಮೇಲೆ. ಒಂದು ದಿನದ ಅಂಕಿಯಿಂದ ಹಿಂದಿನ ದಿನದ್ದನ್ನು ಕಳೆಯುವುದು. ಬಂದ ವ್ಯತ್ಯಾಸಗಳ ವ್ಯತ್ಯಾಸವನ್ನು ಮತ್ತೆ ತೆಗೆಯುವುದು. ಎಲ್ಲಾದರೂ ತಪ್ಪಿದ್ದರೆ ಆ ಸಾಲಿನಲ್ಲಿ ಬಾವು ಬಂದ ಹಾಗೆ ಅಂಕಿ ಊದಿಕೊಳ್ಳುತ್ತದೆ. ಸಾಲು ನಯವಾಗಿದ್ದರೆ ಲೆಕ್ಕ ಸರಿ. ಹುಡುಗರೇ, ಈ ಉಪಾಯ ನಿಮಗೂ ಕಲಿಸುತ್ತಾರೆ. ಒಳ್ಳೆಯದು. ಆದರೆ ಎಲ್ಲ ಅಂಕಿಯೂ ಒಂದೇ ಅಳತೆಗೆ ತಪ್ಪಿದ್ದರೆ ಸಾಲು ಅಷ್ಟೇ ನಯವಾಗಿ ಕಾಣುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಮಗೂ ಯಾರೂ ಹೇಳಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅಚ್ಚಿನ ಯಂತ್ರ, ನಡುವೆ ಹಲಗೆಯ ಗೋಡೆ. ಆ ಕಡೆಗೆ ಒಡೆಯ ಕುಂಬಾರಕೊಪ್ಪಲಿನ ಸಿದ್ದೇಗೌಡ. ಅಕ್ಷರದ ಮೊಳೆ ಜೋಡಿಸುವುದೂ ಅವನೇ, ಯಂತ್ರ ಓಡಿಸುವುದೂ ಅವನೇ. ನನ್ನನ್ನು 'ಅಳಿಮಯ್ಯ' ಎನ್ನುತ್ತಿದ್ದ, ಅವನಿಗೆ ಹೆಣ್ಣುಮಕ್ಕಳಿರಲಿಲ್ಲ. ಒಂದು ದಿನ ಹಲಗೆಯ ಈಚೆಯಿಂದ ನಾನು ಗಂಟಲು ಎರಡು ಸಲ ಸರಿಮಾಡಿಕೊಂಡು, ಸಿಳ್ಳೆ ಸೇರಿಸಿ, "ಸಿದ್ದೇಗೌಡ, ಶ್ರಾವಣದ ಪುಟ ಬಿಚ್ಚಿಬಿಡು, ಲೆಕ್ಕ ಬದಲಾಗಿದೆ" ಎಂದೆ. ಅವನು "ಆಗ್ಲಿ ಬುದ್ಧಿ" ಎಂದ. ಅಲ್ಲಿಗೆ ಮುಗಿಯಿತೆಂದು ನಾನು ಕಾಫಿಗೆ ಹೋದೆ. ವಾಪಸ್ಸು ಬಂದಾಗ ಶ್ರಾವಣ ಮಾಸ ಪೂರ್ತಿ ಮೊಳೆ ಮೊಳೆಯಾಗಿ ತಟ್ಟೆಯಲ್ಲಿ ಬಿದ್ದಿತ್ತು. ಮತ್ತೆ ಜೋಡಿಸಲು ಅವನಿಗೆ ಎರಡು ದಿನ ಹಿಡಿಯಿತು. ಎರಡು ದಿನವೂ ನಾನು ಅವನ ಪಕ್ಕದಲ್ಲಿ ನಿಂತು ಮೊಳೆ ಆರಿಸಿಕೊಟ್ಟೆ. ಕೊನೆಯ ಮೊಳೆ ಕೂರಿಸಿ ಅವನು ಹೇಳಿದ: "ಇನ್ಮೇಲೆ ಆ ಗೋಡೆಯಿಂದ ದೇವ್ರೇ ಕೂಗುದ್ರೂ ನಾನು ಕೇಳಕ್ಕಿಲ್ಲ ಕಣ್ ಅಳಿಮಯ್ಯ."

ಇನ್ನು ಆ ವರ್ಷದ ಮಾತು. ಬರಲಿದ್ದದ್ದು ಶಾರ್ವರಿ ಸಂವತ್ಸರ. ನೀಲಿ ಪುಸ್ತಕ ಎಂದಿನಂತೆ ಬಂತು, ರಟ್ಟು ಎಂದಿನದೇ, ಅಂಕಿಯ ಪುಟಗಳೂ ಎಂದಿನಂತೆ. ವರ್ಷದ ಲೆಕ್ಕ ಮಾಡುತ್ತ ಒಂದು ಏಕಾದಶಿಯ ಹತ್ತಿರ ಜೋಯಿಸರು ನಿಂತರು. ಯಾವ ಮಾಸದ್ದು ಎಂದು ಹೇಳುವುದಿಲ್ಲ. ಹಳೆಯ ಪಂಚಾಂಗ ತೆಗೆದು ಅಳೆಯುವವರು ಈ ಊರಿನಲ್ಲಿ ಇನ್ನೂ ಇದ್ದಾರೆ.

ವಿಷಯ ಇಷ್ಟು. ಸೂರ್ಯ ಹುಟ್ಟುವ ಹೊತ್ತಿಗೆ ದಶಮಿ ಮುಗಿದು ಏಕಾದಶಿ ಬಂದಿದ್ದರೆ ಅವತ್ತೇ ಉಪವಾಸ. ದಶಮಿ ಇನ್ನೂ ಉಳಿದಿದ್ದರೆ ಉಪವಾಸ ಮಾರನೆಯ ದಿನ. ನಮ್ಮ ಪಂಚಾಂಗ ಕೊಳ್ಳುವ ಮನೆಗಳವರ ಲೆಕ್ಕ ಅದು. ಆ ದಿನ ದಶಮಿ ಸೂರ್ಯೋದಯದ ನಂತರ ಒಂದೇ ಒಂದು ವಿಘಳಿಗೆ ಉಳಿಯುತ್ತಿತ್ತು. ಒಂದು ವಿಘಳಿಗೆ ಎಂದರೆ ಇಪ್ಪತ್ತನಾಲ್ಕು ಸೆಕೆಂಡು, ಮೂಗು ಒರೆಸಿಕೊಂಡು ಕರವಸ್ತ್ರ ಮಡಿಸುವಷ್ಟು ಹೊತ್ತು. ಜೋಯಿಸರು ನಾಲ್ಕು ಸಲ ಮಾಡಿದರು. ನಾವಿಬ್ಬರೂ ಮಾಡಿದೆವು. ಯಂತ್ರದ ಗಂಟೆ ಹೊಡೆಯಲಿಲ್ಲ, ವ್ಯತ್ಯಾಸದ ಸಾಲು ರೇಷ್ಮೆಯಂತಿತ್ತು. ಉಪವಾಸ ಮಾರನೆಯ ದಿನ ಎಂದು ತೀರ್ಮಾನವಾಯಿತು.

ಬೇರೆ ಪಂಚಾಂಗದವರು ಇಷ್ಟು ಸೂಕ್ಷ್ಮಕ್ಕೆ ಹೋಗುವುದಿಲ್ಲ, ಹಿಂದಿನ ದಿನವೇ ಬರೆಯುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಗ್ರಹಣದ ಅವಮಾನ ಜೋಯಿಸರ ಒಳಗೆ ಕೂತಿತ್ತು. ಎಂದೂ ಬಡಾಯಿ ಆಡದ ಮನುಷ್ಯ ತಾವೇ ಒಂದು ಪ್ರಕಟಣೆ ಬರೆದರು. ಈ ಏಕಾದಶಿಯ ವಿಷಯದಲ್ಲಿ ಇತರರು ಹಿಂದಿನ ದಿನವನ್ನು ಹೇಳಬಹುದು, ನಮ್ಮದು ಯಂತ್ರದಿಂದ ಪರಿಶೀಲಿಸಿದ ಸೂಕ್ಷ್ಮ ಗಣಿತ, ಸಂದೇಹಕ್ಕೆ ಎಡೆಯಿಲ್ಲ. ದಪ್ಪ ಅಕ್ಷರದಲ್ಲಿ, ಆ ಮಾಸದ ಪುಟದ ಮೇಲೆಯೇ. ಮಲ್ಲಪ್ಪನವರಿಗೆ ಬಹಳ ಹಿಡಿಸಿತು. ಅಂಗಡಿಯವರಿಗೆಲ್ಲ ಮುಂಚೆಯೇ ಹೇಳಿಟ್ಟರು.

ಆ ಪುಟ ಅಚ್ಚಿನ ಯಂತ್ರ ಏರುವ ದಿನ ಮಧ್ಯಾಹ್ನ ನಮಗೆ ಕೆಲಸವಿರಲಿಲ್ಲ. ಆ ಕಡೆ ಸಿದ್ದೇಗೌಡ ಶಾಯಿ ಹಚ್ಚುತ್ತಿದ್ದ. ಈ ಕಡೆ ಊಟದ ಮಂಪರು. ಮಂಪರು ಕಂಡರೆ ನನಗೆ ಕೈ ಕಡಿಯುತ್ತದೆ. ನೀಲಿ ಪುಸ್ತಕ ಎತ್ತಿಕೊಂಡು ಮುನ್ನುಡಿಯ ಪುಟ ತೆಗೆದೆ. ನಮ್ಮಲ್ಲಿ ಮುನ್ನುಡಿ ಓದುವ ಪದ್ಧತಿ ಇರಲಿಲ್ಲ. ನೇರವಾಗಿ ಅಂಕಿಗೆ ಹೋಗುವುದು. ಪ್ರತಿ ವರ್ಷ ಅದೇ ಇರುತ್ತದೆ, ಮದುವೆ ಪತ್ರಿಕೆಯ ಒಕ್ಕಣೆಯ ಹಾಗೆ. ಅದನ್ನು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟರ ದನಿಯಲ್ಲಿ ಓದತೊಡಗಿದೆ. ಬಾಯ ತುಂಬ ಎಲೆಅಡಿಕೆ ಇಟ್ಟುಕೊಂಡು ಮಾತಾಡುವುದೇ ವಿಲಾಯತಿಯ ಉಚ್ಚಾರ ಎಂದು ನಂಬಿದ್ದವರು ಅವರು. ಶ್ರೀಕಂಠಯ್ಯನವರ ಕಣ್ಣಲ್ಲಿ ನೀರು ಬಂತು. ಜೋಯಿಸರು ಗೋಡೆಯ ಕಡೆ ತಿರುಗಿದ್ದರು, ಬೆನ್ನು ಅಲುಗುತ್ತಿತ್ತು.

ಎರಡನೇ ಪುಟದಲ್ಲಿ, ಈ ವರ್ಷದಿಂದ ಸೂರ್ಯ, ಚಂದ್ರ, ಗ್ರಹಗಳ ಕೋಷ್ಟಕಗಳಿಗೆ ಆಧಾರವಾದ ಕಾಲ ಹಿಂದಿನದಲ್ಲ ಎಂಬ ಅರ್ಥದ ವಾಕ್ಯವೊಂದನ್ನು ಎಲೆಅಡಿಕೆಯ ಸಮೇತ ಓದಿದೆ. ಬೆನ್ನು ಅಲುಗುವುದು ನಿಂತಿತು.

"ಇನ್ನೊಂದ್ಸಲ ಓದು."

ಇನ್ನೂ ರಸವತ್ತಾಗಿ ಓದಿದೆ.

"ಅವರ ದನೀಲಲ್ಲ ಕಣೋ. ನಿನ್ನ ದನೀಲಿ ಓದು."

ನನ್ನ ದನಿ ಯಾವುದೆಂದು ಹುಡುಕಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿದ್ದು ತೆಳ್ಳಗಿತ್ತು. ಓದಿ ಕನ್ನಡದಲ್ಲಿ ಹೇಳಿದೆ. ಭೂಮಿ ತನ್ನ ಸುತ್ತ ತಿರುಗುವುದು ಸದಾ ಒಂದೇ ವೇಗದಲ್ಲಲ್ಲ, ಒಂದಿಷ್ಟು ಹಿಂದುಮುಂದು ಆಗುತ್ತದೆ. ಆದ್ದರಿಂದ ಗ್ರಹಗಳ ಲೆಕ್ಕಕ್ಕೆ ಅವುಗಳ ಚಲನೆಯಿಂದಲೇ ತೆಗೆದ ಬೇರೊಂದು ಸಮನಾದ ಕಾಲವನ್ನು ಇಟ್ಟುಕೊಂಡಿದ್ದೇವೆ. ಗಡಿಯಾರದ ಕಾಲ ಬೇಕಾದವರು ನಡುವಿನ ಅಂತರವನ್ನು ಅದರಿಂದ ಕಳೆಯಬೇಕು. ಈಗ ಆ ಅಂತರ ಅರ್ಧ ನಿಮಿಷಕ್ಕೆ ಸ್ವಲ್ಪ ಹೆಚ್ಚು, ಮೂವತ್ತಮೂರು ಸೆಕೆಂಡಿನ ಹತ್ತಿರ.

ಯಾರೂ ಲೆಕ್ಕ ಮಾಡಬೇಕಾಗಿರಲಿಲ್ಲ. ಇಪ್ಪತ್ತನಾಲ್ಕರಲ್ಲಿ ಮೂವತ್ತಮೂರು ಕಳೆಯಲು ಯಂತ್ರ ಬೇಡ. ದಶಮಿ ಸೂರ್ಯೋದಯಕ್ಕೆ ಒಂಬತ್ತು ಸೆಕೆಂಡು ಮುಂಚೆಯೇ ಮುಗಿಯುತ್ತಿತ್ತು. ಉಪವಾಸ ಹಿಂದಿನ ದಿನ. ಸೂಕ್ಷ್ಮ ಬಾರದವರೆಲ್ಲ ಸರಿ, ಸೂಕ್ಷ್ಮ ಮಾಡಿದ ನಾವು ತಪ್ಪು, ಅದೂ ದಪ್ಪ ಅಕ್ಷರದಲ್ಲಿ. ವರ್ಷದ ಪ್ರತಿ ಅಂಕಿಯೂ ಅಷ್ಟೇ ತಪ್ಪಿತ್ತು. ಆದರೆ ಬೇರೆ ಕಡೆಯೆಲ್ಲ ಅರ್ಧ ನಿಮಿಷದಿಂದ ಯಾರ ಮನೆಯ ಹಬ್ಬವೂ ಆಚೀಚೆ ಆಗುತ್ತಿರಲಿಲ್ಲ. ಇಲ್ಲೊಂದು ಕಡೆ ಆಗುತ್ತಿತ್ತು.

ಜೋಯಿಸರು ಶ್ರೀಕಂಠಯ್ಯನವರನ್ನು ನೋಡಿದರು. ಅವರು "ಸರಿ" ಎನ್ನಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರಿಂದ ಪೂರ್ತಿ ವಾಕ್ಯ ಕೇಳಿದೆ. ಬೀಗದ ಮಾತು ಎಲ್ಲರ ತಲೆಯಲ್ಲೂ ಇತ್ತು, ಅವರಿಗೆ ಮನೆಯಲ್ಲಿ ಆರು ಜನ. ಮೆಲ್ಲಗೆ ಹೇಳಿದರು, ನಾವು ಸೂರ್ಯೋದಯವನ್ನು ನೆಲದ ಮಟ್ಟಕ್ಕೆ ಹಾಕಿದ್ದೇವೆ, ನೋಡುವವನು ಎತ್ತರಕ್ಕೆ ಹೋದಷ್ಟೂ ಸೂರ್ಯ ಬೇಗ ಕಾಣುತ್ತಾನೆ, ಒಂಬತ್ತು ಸೆಕೆಂಡು ಬೇಗ ಕಾಣಬೇಕಾದರೆ ಬೆಟ್ಟ ಹತ್ತುವುದೂ ಬೇಡ. ಕಾಗದದ ಮೇಲೆ ಏನೋ ಗೀಚಿದರು. "ಒಬ್ಬ ಆಳು ಎದ್ದು ನಿಂತ್ರೆ ಸಾಕು. ಕಣ್ಣು ಅಷ್ಟು ಎತ್ತರದಲ್ಲಿದ್ರೆ ದಶಮಿ ಉಳಿಯುತ್ತೆ. ಪ್ರಕಟಣೇನೂ ಉಳಿಯುತ್ತೆ."

ಲೆಕ್ಕ ನಿಜವಾಗಿತ್ತು. ನಾನು ತಡೆಯಲಾರದೆ, ಹಾಗಾದರೆ ನಿಂತು ನೋಡಿದರೆ ದಶಮಿ, ಮಲಗಿ ನೋಡಿದರೆ ಏಕಾದಶಿ ಎಂದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಅಷ್ಟು ಚಿಕ್ಕ ಉಪಾಯ, ಅಷ್ಟು ದೊಡ್ಡ ಕಷ್ಟ. ಒಪ್ಪಿಬಿಡಲಿ ಎಂದು ನಾನೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಜೋಯಿಸರು ಆ ಕಾಗದವನ್ನು ತೆಗೆದುಕೊಂಡು ಪೂರ್ತಿ ಓದಿದರು. ಒಂದು ಕಡೆ ಅಂಕಿ ತಿದ್ದಿದರು ಕೂಡ. ಆಮೇಲೆ ವಾಪಸ್ಸು ಕೊಟ್ಟರು.

"ಲೆಕ್ಕ ಚೆನ್ನಾಗಿದೆ ಶ್ರೀಕಂಠಯ್ಯ. ಆದ್ರೆ ಮಿಕ್ಕ ದಿನವೆಲ್ಲ ಸೂರ್ಯನ್ನ ನೆಲದಿಂದ ನೋಡಿ, ಇದೊಂದು ದಿನ ನಾವು ಯಾಕೆ ಎದ್ದು ನಿಲ್ತೀವಿ?"

ಅಷ್ಟರಲ್ಲಿ ಹಲಗೆಯ ಆ ಕಡೆ ಯಂತ್ರ ಶುರುವಾಯಿತು.

ಜೋಯಿಸರು ಅಚ್ಚಿನ ಕೋಣೆಗೆ ಎಂದೂ ಕಾಲಿಟ್ಟವರಲ್ಲ. ಶಾಯಿ, ಎಣ್ಣೆ, ಮೈಲಿಗೆ ಎಂದಲ್ಲ. ತಾವು ಮಾಡಿದ ಅಂಕಿ ತಲೆಕೆಳಗಾಗಿ ನಿಂತಿರುವುದನ್ನು ನೋಡಲಾರೆ ಎನ್ನುತ್ತಿದ್ದರು. ಏನಿದ್ದರೂ ಹಲಗೆಯಿಂದಲೇ ಕೂಗುವುದು. ಅವತ್ತೂ ಕೂಗಿದರು. ಗಾಬರಿಯಲ್ಲಿ ಗಂಟಲು ಎರಡು ಸಲ ಸರಿಮಾಡಿಕೊಂಡರು, ಸಿಳ್ಳೆ ಎಂದಿಗಿಂತ ಜೋರಾಗಿ ಬಂತು. "ಸಿದ್ದೇಗೌಡ, ನಿಲ್ಲಿಸು. ಆ ಪುಟ ತಪ್ಪಿದೆ."

ಯಂತ್ರ ನಿಲ್ಲಲಿಲ್ಲ. ಅದರ ಸದ್ದಿನ ಮೇಲೆ ಸಿದ್ದೇಗೌಡನ ದನಿ ಬಂತು. "ಬುಡು ಬುಡು. ಜೋಯಿಸ್ರಿಗಿಂತ ನೀನೇ ಚೆಂದಾಗಿ ಮಾಡ್ತೀಯ ಕಣ್ ಅಳಿಮಯ್ಯ."

ಜೋಯಿಸರು ನನ್ನ ಮುಖ ನೋಡಿದರು. ಶ್ರಾವಣದ ಕಥೆ ಅವರಿಗೆ ಗೊತ್ತಿತ್ತು. ಇನ್ನೊಮ್ಮೆ ಕೂಗಿದರು, ಇನ್ನೂ ಜೋರಾಗಿ, ಇನ್ನೂ ಅವರ ಹಾಗೇ. ಆ ಕಡೆಯಿಂದ ನಗು ಬಂತು. ನಾನು ಬಾಗಿಲ ಕಡೆ ಓಡಿದೆ. ಒಳಗೆ ಹೋಗಿ ನಿಲ್ಲಿಸು ಎಂದೆ, ಜೋಯಿಸರೇ ಕೂಗುತ್ತಿದ್ದಾರೆ ಎಂದೆ. ಸಿದ್ದೇಗೌಡ ನನ್ನ ಕಡೆ ತಿರುಗಿಯೂ ನೋಡದೆ ಹಾಳೆ ಕೊಡುತ್ತಲೇ ಇದ್ದ. "ಏಳ್ದೆ ಅಲ್ವಾ, ದೇವ್ರು ಕೂಗುದ್ರೂ ಕೇಳಕ್ಕಿಲ್ಲ ಅಂತ. ಯಜಮಾನ್ರು ಸಂಜೆಗೆ ನೋಡಾಕೆ ಬತ್ತಾರೆ, ದಾರಿ ಬುಡು." ಅವನ ಪಕ್ಕದಲ್ಲಿ ದಪ್ಪ ಅಕ್ಷರದ ಪ್ರಕಟಣೆ ಹಾಳೆಯ ಮೇಲೆ ಹಾಳೆಯಾಗಿ ಏರುತ್ತಿತ್ತು. ನಾನು ಅವನ ತೋಳು ಹಿಡಿದೆ. ಅವನು ಕೊಡವಿದ. ಅವನು ನನ್ನನ್ನು ನಂಬುವಂಥ ಒಂದು ದನಿಗಾಗಿ ತಡಕಿದೆ. ನನ್ನ ಹತ್ತಿರ ಊರಿನವರೆಲ್ಲರ ದನಿಯಿತ್ತು, ಅದೊಂದು ಇರಲಿಲ್ಲ.

ಆಗ ಸಿದ್ದೇಗೌಡನ ಕೈ ತಾನೇ ನಿಂತಿತು. ಅವನು ನನ್ನ ಹಿಂದೆ ನೋಡುತ್ತಿದ್ದ. ಜೋಯಿಸರು ಹೊಸ್ತಿಲು ದಾಟಿ ಒಳಗೆ ಬಂದಿದ್ದರು, ಬರಿಗಾಲಲ್ಲಿ, ನೆಲದ ಶಾಯಿಯ ಮೇಲೆ. ಇಳಿಸಿಟ್ಟ ಹಾಳೆಗಳಿಂದ ಒಂದನ್ನು ತೆಗೆದುಕೊಂಡು ತಾವೇ ಬರೆದ ಪ್ರಕಟಣೆಯನ್ನು ಓದಿದರು. ಸಿದ್ದೇಗೌಡ ಯಂತ್ರ ನಿಲ್ಲಿಸಿದ. "ತಪ್ಪಾಯ್ತು ಬುದ್ಧಿ, ಇವ್ನು ಅಂದ್ಕಂಡೆ" ಎಂದ.

"ಇವನಾಗಿದ್ರೂ ನಿಲ್ಲಿಸಬೇಕಾಗಿತ್ತು ಕಣಪ್ಪ, ಇವತ್ತು" ಎಂದರು ಜೋಯಿಸರು.

ಸಂಜೆ ಮಲ್ಲಪ್ಪನವರು ಬಂದರು. ನಿಂತ ಯಂತ್ರ ನೋಡಿದರು, ರದ್ದಾದ ಹಾಳೆಗಳ ರಾಶಿ ನೋಡಿದರು, ಜೋಯಿಸರ ಕಾಲಿನ ಮಸಿ ನೋಡಿದರು. ಏನಾಯಿತೆಂದು ಕೇಳಿದ ದನಿ ಆಗಲೇ ತಗ್ಗಿತ್ತು. ಜೋಯಿಸರು ನನ್ನ ಕಡೆ ಕೈ ತೋರಿಸಿ, ಇವನು ಹೇಳುತ್ತಾನೆ ಎಂದರು. ಯಾಕೆ ನನಗೇ ವಹಿಸಿದರೋ ಅವತ್ತು ತಿಳಿಯಲಿಲ್ಲ. ಮಲ್ಲಪ್ಪನವರು, ಇದು ನಿನ್ನ ಆಟವಾದರೆ ಇವತ್ತೇ ಕೊನೆ ಎಂದರು.

ಹೇಳಿದೆ. ಹೊಸ ಕಾಲ ಏನು, ಭೂಮಿ ಯಾಕೆ ಗಡಿಯಾರಕ್ಕೆ ಸಾಕಾಗುವುದಿಲ್ಲ, ಮೂವತ್ತಮೂರು ಸೆಕೆಂಡು ಎಲ್ಲಿಂದ ಬಂತು, ದಶಮಿ ಎಲ್ಲಿ ಹೋಯಿತು. ಎದ್ದು ನಿಲ್ಲುವ ಉಪಾಯವನ್ನೂ ಹೇಳಿದೆ, ಯಾರದೆಂದು ಹೇಳಲಿಲ್ಲ. ಜೋಯಿಸರು ಅದನ್ನು ಬೇಡವೆಂದದ್ದನ್ನೂ ಹೇಳಿದೆ. ಒಂದು ಕಡೆಯೂ ಯಾರ ದನಿಯೂ ಬರಲಿಲ್ಲ. ಬಾಯಿ ಒಣಗಿತ್ತು, ಅದೂ ಒಂದು ಕಾರಣ.

ಮಲ್ಲಪ್ಪನವರು ರದ್ದಾದ ಹಾಳೆಯೊಂದನ್ನು ಎತ್ತಿ ಮಡಿಸಿ ಜೇಬಿಗಿಟ್ಟರು. ಆಮೇಲೆ ಜೋಯಿಸರನ್ನು ಕೇಳಿದರು, "ಆ ಊರಿನೋರು ಲೆಕ್ಕ ಮಾರ್ತಾರಲ್ಲ, ಅವರು ಈ ಮುನ್ನುಡಿ ಓದಿರ್ತಾರಾ?"

"ಗೊತ್ತಿಲ್ಲ."

"ಓದದೇ ಇದ್ರೆ ಅವರ ತಪ್ಪನ್ನ ದುಡ್ಡು ಕೊಟ್ಟು ತರಬೇಕಾಗುತ್ತೆ. ನಿಮ್ಮದು ಮನೇದು." ಬಾಗಿಲ ಹತ್ತಿರ ಹೋಗಿ ತಿರುಗಿದರು. "ಬೀಗ ಆಮೇಲೆ ನೋಡೋಣ. ಇನ್ಮೇಲೆ ಪ್ರತಿವರ್ಷ ಆ ಪುಸ್ತಕ ಬಂದ ದಿನ ಇವನು ಮುನ್ನುಡಿ ಪೂರ್ತಿ ಓದಬೇಕು, ಎಲ್ಲರೂ ಕೂತು ಕೇಳಬೇಕು. ಆಟ ಇಲ್ಲದೆ."

ಪ್ರಕಟಣೆ ಹೋಯಿತು, ದಿನ ಬದಲಾಯಿತು, ಸಿದ್ದೇಗೌಡ ಮೊಳೆ ಬಿಚ್ಚಿದ, ನಾನು ಆರಿಸಿಕೊಟ್ಟೆ. ಪ್ರತಿ ಹಾಳೆಯ ಮೇಲ್ತುದಿಯಲ್ಲಿ ಜೋಯಿಸರು ಒಂದರ ಕೆಳಗೊಂದು ಎರಡು ಕಳೆಯುವ ಗುರುತು ಹಾಕತೊಡಗಿದರು. ಗೋಡೆಯ ಮೇಲೆ ಮೂರನೇ ಗಡಿಯಾರ ಎಲ್ಲಿ ಎಂದು ಸಿದ್ದೇಗೌಡ ಕೇಳಿದ. ಅದು ಯಾವ ಅಂಗಡಿಯಲ್ಲೂ ಸಿಗದು, ಗ್ರಹಗಳನ್ನೇ ತಂದು ಮೊಳೆಗೆ ನೇತು ಹಾಕಬೇಕು ಎಂದೆ. ಬೀಗ ಬಿದ್ದದ್ದು ಏಳು ವರ್ಷ ಕಳೆದ ಮೇಲೆ. ತಪ್ಪಿಗಲ್ಲ, ಮಲ್ಲಪ್ಪನವರ ಮಕ್ಕಳಿಗೆ ಪಂಚಾಂಗಕ್ಕಿಂತ ಸಿನಿಮಾ ಪೋಸ್ಟರ್ ಅಚ್ಚು ಹಾಕುವುದು ಮೇಲೆನಿಸಿತು. ಅದರ ಮೇಲೆ ನನಗೇನೂ ದೂರಿಲ್ಲ, ನಾನೂ ಪೋಸ್ಟರ್ ನೋಡುವವನೇ.

ಆ ಏಕಾದಶಿ ಬಂದಾಗ ನಾನು ಬೆಳಗಾಗುವ ಮುಂಚೆ ಲಕ್ಷ್ಮೀಪುರಕ್ಕೆ ಹೋದೆ. ಕರೆದಿರಲಿಲ್ಲ. ಜೋಯಿಸರು ತಾರಸಿಯ ಮೇಲಿದ್ದರು, ರೇಡಿಯೋಗೆ ಹೊಂದಿಸಿದ ಕೈಗಡಿಯಾರ ಹಿಡಿದುಕೊಂಡು. ಮೂಡಲ ತುಂಬ ಮೋಡ, ಬೆಟ್ಟದ ಕಡೆ ಇನ್ನೂ ದಟ್ಟ. ಹೊತ್ತು ಹತ್ತಿರ ಬಂದಾಗ ಅವರು ಆಕಾಶ ನೋಡಿದರು, ಕೈಗಡಿಯಾರ ನೋಡಿದರು, ಪಂಚೆ ಮಡಿಸಿಕೊಂಡು ಮೆಲ್ಲಗೆ ನೆಲದ ಮೇಲೆ ಕೂತರು. ನಾನೂ ಕೂತೆ. ಸೂರ್ಯ ಎಲ್ಲೋ ಮೋಡದ ಹಿಂದೆ ಹುಟ್ಟಿದ. ಅವತ್ತು ಅವರು ನೀರು ಕೂಡ ಮುಟ್ಟಲಿಲ್ಲ.

ಮಾರನೆಯ ದಿನ ಕೋಣೆಗೆ ಕಾಫಿ ತರಿಸಿದೆ. ಅವರ ಲೋಟ ಹಾಗೇ ಆರುತ್ತಿತ್ತು. ಉಪವಾಸ ನಿನ್ನೆ ಮುಗಿಯಿತಲ್ಲ, ಇವತ್ತೂ ಯಾಕೆ, ಕುಡಿಯಿರಿ ಎಂದೆ. ತಲೆ ಎತ್ತದೆ ಲೋಟವನ್ನು ನನ್ನ ಕಡೆ ಸರಿಸಿದರು.

"ಒಂಬತ್ತು ಸೆಕೆಂಡು ಕಣೋ ಬೋರ."